ಆರನೇ ಲಾಂಚಿನವನು ಬಾಯಿಬಿಡದ ಮಾತು

ಮೊದಲು ಒಂದು ವಿಷಯ ಇತ್ಯರ್ಥವಾಗಲಿ. ಹೋದ ವಾರ ಈ ಗುಂಪಿಗೆ ನಾನು ಕಳಿಸಿದ ಧ್ವನಿಸಂದೇಶ ಕೇಳಿ, "ಮುದುಕನಿಗೆ ಅರಳುಮರಳು, ಅದು ಹಾಗೆ ನಡೆದೇ ಇಲ್ಲ" ಎಂದು ಯಾರು ಬರೆದಿರೋ ಅವರಿಗೆ ಹೇಳುತ್ತಿದ್ದೇನೆ. ನಿನ್ನೆ ರಾತ್ರಿ ಏನು ಉಂಡಿರಿ ಎಂದು ಕೇಳಿದರೆ ತಡವರಿಸುವ ಜನ ನೀವು. ನಾನು ಈ ಬಂದರಿನಲ್ಲಿ ನಲವತ್ತು ವರ್ಷ ಹಾಯಿ ಹೊಲಿದವನು. ಯಾವ ಹಾಯಿ ಯಾವ ಗಾಳಿಗೆ ಎಲ್ಲಿ ಹರಿಯಿತು ಎಂಬುದು ಇವತ್ತಿಗೂ ಬೆರಳ ತುದಿಯಲ್ಲಿದೆ. ರುವಾನ್ ಶುಯಿಗೆನ್ ವಿಷಯದಲ್ಲಿ ನಾನು ಮರೆತದ್ದು ಒಂದೇ, ಅವನ ಮನೆಯ ನಂಬರು. ಅದೂ ಏಕೆಂದರೆ ಯಾರನ್ನೂ ಅವನು ಮನೆಗೆ ಕರೆಯುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಕೇಳಿ.

ನಮ್ಮ ಶಿಯಾಮೆನ್ನಿನ ಹಾಯಿದೋಣಿ ಕ್ಲಬ್ಬಿನಲ್ಲಿ ಶುಯಿಗೆನ್ ಆರನೇ ಲಾಂಚು ಓಡಿಸುತ್ತಿದ್ದ. ಕಲಿಯುವವರ ದೋಣಿಗಳ ಹಿಂದೆಹಿಂದೆಯೇ ಹೋಗುವುದು, ನೀರಿಗೆ ಬಿದ್ದವರನ್ನು ಎತ್ತಿ ತರುವುದು, ಅಷ್ಟೇ ಕೆಲಸ. ಅದಕ್ಕೂ ಮೊದಲು ಅವನಿಗೆ ಸ್ವಂತ ದೋಣಿಯಿತ್ತು. ಹುಟ್ಟಿದ್ದು ದೋಣಿಯಲ್ಲಿ, ಮದುವೆಯಾದದ್ದು ದೋಣಿಯಲ್ಲಿ. ಮೀನು ಹಿಡಿಯುವ ಹಳೆಯ ದೋಣಿಗಳು ಸಾಕು ಎಂದು ಸರ್ಕಾರ ಒಡೆಸಿದಾಗ ಅವನದನ್ನೂ ಒಡೆದರು. ಐದನೇ ಮಹಡಿಯಲ್ಲಿ ಒಂದು ಮನೆ ಕೊಟ್ಟರು. ಅಲ್ಲಿಗೆ ಹೋದ ಮೇಲೆ ಅವನ ಹೆಂಡತಿ ಲುವಾನ್, "ನೆಲ ಅಲ್ಲಾಡಲ್ಲ, ನಿದ್ದೇನೇ ಬರಲ್ಲ" ಎಂದು ಗೊಣಗುತ್ತ ಗೊಣಗುತ್ತ ಎರಡು ಚಳಿಗಾಲ ಕಳೆದಳು, ಮೂರನೆಯದರಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮಕ್ಕಳಿರಲಿಲ್ಲ. ಆಮೇಲೆ ಶುಯಿಗೆನ್ ಬೆಳಿಗ್ಗೆ ಗಂಜಿ ಕುಡಿದು ಕ್ಲಬ್ಬಿಗೆ ಬರುವುದು, ಕತ್ತಲಾದರೆ ಹೋಗುವುದು. ರಜೆ ಕೊಟ್ಟರೂ ಬರುತ್ತಿದ್ದ. ಲಾಂಚಿನ ಇಂಜಿನ್ನಾದರೂ ಅವನೊಂದಿಗೆ ಮಾತಾಡುತ್ತಿತ್ತಲ್ಲ.

ಆ ವರ್ಷ ಕ್ಲಬ್ಬಿನಲ್ಲಿ ಹೊರದೇಶದವರ ಹಾಯಿದೋಣಿ ಪಂದ್ಯ ನಿಗದಿಯಾಯಿತು. ಕ್ಲಬ್ಬಿನ ಮ್ಯಾನೇಜರು ಜುವಾಂಗ್ ಎಲ್ಲ ಲಾಂಚಿನವರನ್ನೂ ಸಾಲಾಗಿ ನಿಲ್ಲಿಸಿ ಹೇಳಿದ:

"ನೋಡ್ರಪ್ಪಾ, ಪಂದ್ಯದ ದಿನ ವೈರ್‌ಲೆಸ್‌ನಲ್ಲಿ ಬರೀ ಇಂಗ್ಲಿಷು. ಹಾಯಿದೋಣೀದು ನಲವತ್ತು ಪದ ಬಾಯಿಪಾಠ ಆಗ್ಬೇಕು. ಪರೀಕ್ಷೆ ನೀರಿನ ಮೇಲೇ. ಒಂದೂ ತಪ್ಪಬಾರ್ದು."

"ತಪ್ಪಿದ್ರೆ?" ಎಂದ ಶುಯಿಗೆನ್.

"ಗೇಟು. ಕಾರು ಬಂದಾಗ ಕಂಬ ಎತ್ತೋದು, ಇಳ್ಸೋದು. ನೆರಳಿದೆ, ಫ್ಯಾನಿದೆ. ನಿಮ್ಮ ವಯಸ್ಸಿಗೆ ಅದೇ ಒಳ್ಳೇದಲ್ವಾ ಗೆನ್ ಅಣ್ಣಾ?"

ಆ ಗೇಟಿನಿಂದ ಸಮುದ್ರ ಕಾಣುವುದಿಲ್ಲ. ಎದುರಿಗೆ ಇರುವುದು ಟೈರಿನ ಅಂಗಡಿ.

ಪಾಠ ಹೇಳಲು ಬಂದವಳು ಪೇ ಮಿಸ್. ಕಲ್ಲಿದ್ದಲಿನ ಊರು ದಾತೋಂಗಿನವಳು, ಇಪ್ಪತ್ತಾರು ವರ್ಷ. ಮೊದಲ ಸಲ ಸಮುದ್ರ ನೋಡಿ ಮೂರು ವಾರವಷ್ಟೇ ಆಗಿತ್ತು. ದೋಣಿ ಹತ್ತಿದರೆ ವಾಂತಿ. ಅವಳ ಕೈಯಲ್ಲಿ ಪದಗಳಿದ್ದವು, ವಸ್ತುಗಳಿರಲಿಲ್ಲ. ಶುಯಿಗೆನ್‌ಗೆ ವಸ್ತುಗಳೆಲ್ಲ ಅಂಗೈ ಗೆರೆಯಷ್ಟು ಪರಿಚಿತ, ಪದಗಳು ಮಾತ್ರ ಗಾಳಿಯಲ್ಲಿ ಕೇಳಿದವು.

"ಶೀಟ್," ಎಂದು ಬೋರ್ಡಿನ ಮೇಲೆ ಬರೆದಳು ಪೇ ಮಿಸ್. "ಶೀಟ್ ಅಂದ್ರೆ ಹಾಸೋ ಬಟ್ಟೆ. ಅಂದ್ಮೇಲೆ ಹಾಯಿ."

"ಅಲ್ಲ ಮಿಸ್."

"ಏನಲ್ಲ? ನಿಘಂಟಲ್ಲಿದೆ ದೊಡ್ಡಪ್ಪಾ."

"ನಿಘಂಟು ದೋಣಿ ಹತ್ತಿತ್ತಾ? ಹುಡುಗ್ರಿಗೆ ಕಲಿಸೋ ಆ ಬಿಳಿ ಕೋಚು ಎಂಟು ವರ್ಷದಿಂದ 'ಶೀಟು, ಶೀಟು' ಅಂತ ಕಿರುಚ್ತಾನೆ. ಅವ್ನು ಕಿರುಚಿದಾಗ ಹುಡುಗ್ರು ಹಾಯಿ ಮುಟ್ಟಲ್ಲ. ಹಾಯಿ ಹಿಡಿದಿರೋ ಹಗ್ಗ ಬಿಡ್ತಾರೆ."

ಪೇ ಮಿಸ್ ಸಂಜೆ ಕೋಚನ್ನು ಹುಡುಕಿಕೊಂಡು ಹೋಗಿ ಕೇಳಿದಳು. ಹಗ್ಗವೇ. ಮರುದಿನ ಎಲ್ಲರೆದುರು, "ನಾನು ತಪ್ಪು, ಗೆನ್ ದೊಡ್ಡಪ್ಪ ಸರಿ" ಎಂದಳು. ಅಂದಿನಿಂದ ಪಾಠ ಮುಗಿದ ಮೇಲೂ ಇಬ್ಬರೂ ಅರ್ಧ ಗಂಟೆ ಕೂರುವುದು ರೂಢಿಯಾಯಿತು. ಸಣ್ಣ ಬಟ್ಟಲಲ್ಲಿ ಚಹಾ ಬಗ್ಗಿಸಿ ಕೊಡುತ್ತ ಅವನು ಹಗ್ಗ ತೋರಿಸುವುದು, ಅವಳು ಹೆಸರು ಹೇಳುವುದು. ಹಾಯಿ ಏರಿಸುವ ಹಗ್ಗಕ್ಕೆ ಹ್ಯಾಲ್ಯರ್ಡ್. ಹಾಯಿ ಮಡಿಸಿ ಚಿಕ್ಕದು ಮಾಡಿದರೆ ರೀಫ್. ಎಡಕ್ಕೆ ಪೋರ್ಟ್, ಬಲಕ್ಕೆ ಸ್ಟಾರ್‌ಬೋರ್ಡ್.

"ಇವರ ದೋಣೀಲಿ ಹಗ್ಗ ಅಂತ ಒಂದೂ ಇಲ್ವಲ್ಲ ಮಿಸ್," ಎಂದ ಒಂದು ದಿನ. "ಪ್ರತಿಯೊಂದಕ್ಕೂ ಹೆಸರು. ನಾನು ಶನಿವಾರ ಮನೆಗೆ ಹೋದ್ರೆ ಸೋಮವಾರದ ತನಕ ನನ್ನ ಹೆಸರು ಯಾರೂ ಕರೆಯಲ್ಲ."

ಪೇ ಮಿಸ್ ಬಟ್ಟಲು ಮುಂದಕ್ಕೆ ತಳ್ಳಿ ಇನ್ನೊಂದಿಷ್ಟು ಚಹಾ ಕೇಳಿದಳು. ಅವಳ ಬಾಡಿಗೆ ಕೋಣೆಯಲ್ಲೂ ಕರೆಯುವವರಿರಲಿಲ್ಲ.

ಹೀಗೆ ಮೂವತ್ತು ಪದ ಸುಸೂತ್ರವಾಗಿ ಸಾಗಿದವು. ಮೂವತ್ತೊಂದನೆಯದಕ್ಕೆ ಬಂದು ಪಾಠ ನಿಂತಿತು. ಪೇ ಮಿಸ್ ಅಂಗೈಯನ್ನು ದೋಣಿಯ ಹಾಗೆ ಹಿಡಿದು, ಬೋರಲು ಮಾಡಿ, "ಕ್ಯಾಪ್‌ಸೈಜ್" ಎಂದಳು. ಶುಯಿಗೆನ್ ಅವಳ ಕೈಯನ್ನು ಪಟ್ಟನೆ ಹಿಡಿದು ಅಂಗಾತ ಮಾಡಿದ.

"ಹಾಗೆ ಮಾಡಬಾರ್ದು ಮಿಸ್."

"ಯಾಕೆ?"

"ಮಾಡಬಾರ್ದು, ಅಷ್ಟೇ. ಹೇಳಲೂಬಾರ್ದು."

ದೋಣಿಯ ಮೇಲೆ ಬದುಕಿದವರಿಗೆ ನಾನು ವಿವರಿಸಬೇಕಿಲ್ಲ. ತಟ್ಟೆಯಲ್ಲಿನ ಮೀನನ್ನು ಮಗುಚಿ ಹಾಕುವವರಲ್ಲ ನಾವು. ಮೇಲಿನ ಮೈ ತಿಂದು, ನಡುವಿನ ಮುಳ್ಳು ಎತ್ತಿ, ಕೆಳಗಿನದನ್ನು ತಿನ್ನಬೇಕು. ಬಟ್ಟಲು ಬೋರಲಿಡಬಾರದು. ಆ ಮಾತನ್ನಂತೂ ಯಾವ ಭಾಷೆಯಲ್ಲೂ ಆಡಬಾರದು. ಲುವಾನ್ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಶುಯಿಗೆನ್ ಮರೆತು ಬೋಗುಣಿ ಕವುಚಿಟ್ಟರೆ ಊಟದ ಕಡ್ಡಿಯಿಂದಲೇ ಬೆರಳ ಗೆಣ್ಣಿಗೆ ಬಾರಿಸಿ, "ಏಯ್ ಹಾಳಾದವ್ನೆ, ನಮ್ಮನ್ನ ನೀರಿಗೆ ಕೊಡ್ತೀಯಾ?" ಎನ್ನುತ್ತಿದ್ದಳು. ಮೂವತ್ತೊಂದು ವರ್ಷ ಆ ದೋಣಿ ಒಮ್ಮೆಯೂ ಮೈ ತಿರುಗಿಸಲಿಲ್ಲ.

"ಆದ್ರೆ ದೊಡ್ಡಪ್ಪಾ, ಇದು ಇಂಗ್ಲಿಷು! ಮಾಜು ಅಜ್ಜಿಗೆ ಇಂಗ್ಲಿಷ್ ಎಲ್ಲಿ ಬರುತ್ತೆ?"

"ಬರದೆ ಏನು? ಸಮುದ್ರ ಕಾಯೋ ದೇವರು. ಇನ್ನೂರು ವರ್ಷದಿಂದ ಅವಳ ಮುಂದೆ ಅವರ ಹಡಗು ಓಡಾಡ್ತಿಲ್ವಾ?"

ಅವಳು ನಕ್ಕಳು. ಅವನೂ ನಕ್ಕ. ಆದರೆ ಹೇಳಲಿಲ್ಲ. ಅವಳು ಬೇಡಿದಳು, ಸಿಟ್ಟು ಮಾಡಿದಳು, "ಗೇಟಲ್ಲಿ ಕೂತು ಟೈರು ಎಣಿಸ್ತೀರಾ?" ಎಂದು ಹಂಗಿಸಿದಳು. ಅವನು ಚಹಾ ಬಗ್ಗಿಸುತ್ತ ಕೂತ. ನಿಜ ಹೇಳಬೇಕೆಂದರೆ ದೇವರ ಹೆದರಿಕೆ ಅವನಿಗೆ ಅಷ್ಟಿರಲಿಲ್ಲ. ದೋಣಿ ಸೌದೆಯಾಗಿ ಹೋಯಿತು, ಬಲೆ ಹೋಯಿತು, ಲುವಾನ್ ಹೋದಳು. ಅವಳದೆಂದು ಉಳಿದದ್ದು ಆ ಒಂದು ಕಟ್ಟಳೆ. ಅದನ್ನು ಪಾಲಿಸುತ್ತಿರುವ ತನಕ ಮನೆಯಲ್ಲಿ ಇನ್ನೊಬ್ಬರಿದ್ದ ಹಾಗೆ ಅವನಿಗೆ.

ಪರೀಕ್ಷೆಯ ದಿನ ಈಶಾನ್ಯದ ಗಾಳಿ ಎದ್ದಿತ್ತು. ಜುವಾಂಗ್ ಮತ್ತು ಪೇ ಮಿಸ್ ಆರನೇ ಲಾಂಚು ಹತ್ತಿದರು. ಜುವಾಂಗ್ ಒಂದೊಂದೇ ಚಿತ್ರ ತೋರಿಸಿದ. ಶುಯಿಗೆನ್ ಇಂಜಿನ್ನಿನ ಸದ್ದಿನ ಮೇಲೆ ಗಟ್ಟಿಯಾಗಿ ಕೂಗಿದ. ಮೂವತ್ತೊಂಬತ್ತಕ್ಕೆ ಮೂವತ್ತೊಂಬತ್ತೂ ಸರಿ. ಆಮೇಲೆ ತಳ ಮೇಲಾದ ದೋಣಿಯ ಚಿತ್ರ. ಶುಯಿಗೆನ್ ನೀರು ನೋಡಿದ.

"ಗೆನ್ ಅಣ್ಣಾ?"

ಶುಯಿಗೆನ್ ಲಾಂಚನ್ನು ಗಾಳಿಗೆದುರು ತಿರುಗಿಸಿದ.

"ಅವರಿಗೆ ಗೊತ್ತು ಸಾರ್," ಎಂದಳು ಪೇ ಮಿಸ್, ಲಾಂಚಿನ ಅಂಚು ಹಿಡಿದು, ಮುಖ ಬಿಳಿಚಿಕೊಂಡು. "ಗೊತ್ತಿದ್ದೂ ಹೇಳಲ್ಲ."

"ಗೊತ್ತಿದ್ದು ಹೇಳ್ದಿದ್ರೂ ಗೊತ್ತಿಲ್ದೆ ಹೇಳ್ದಿದ್ರೂ ನೀರಲ್ಲಿ ಬಿದ್ದವ್ನಿಗೆ ಒಂದೇ ಮಿಸ್." ಜುವಾಂಗ್ ಕೆಟ್ಟವನಲ್ಲ, ಅವನ ಮಾತೂ ಸುಳ್ಳಲ್ಲ. "ಇವತ್ತು ಅಭ್ಯಾಸದ ಓಟ ಇದೆ, ಬೇರೆ ಜನ ಇಲ್ಲ. ಇವತ್ತೊಂದಿನ ಓಡ್ಸಿ. ನಾಳೆಯಿಂದ ಗೇಟು."

ಇಬ್ಬರನ್ನೂ ಕಟ್ಟೆಗೆ ಇಳಿಸಿ ಶುಯಿಗೆನ್ ಒಬ್ಬನೇ ಹೊರಟ. ಇದು ಕೊನೆಯ ದಿನವೆಂದು ನಿಧಾನವಾಗಿ ಓಡಿಸಿದ. ಓಟದ ದಾರಿ ತೋರುವ ತೇಲುಗುರುತುಗಳಲ್ಲಿ ಎಲ್ಲಕ್ಕಿಂತ ಆಚೆಯದರ ಬಳಿ ನಿಂತ.

ಮಧ್ಯಾಹ್ನ ಎರಡರ ಹೊತ್ತಿಗೆ ಗಾಳಿಯ ಒಂದು ಜೋರು ಬೀಸು ಬಂತು. ಕೆಂಪು ಹಾಯಿಯ ದೋಣಿಯೊಂದು, ಹೊರದೇಶದ ಇಬ್ಬರು ಹೆಣ್ಣುಮಕ್ಕಳು ಓಡಿಸುತ್ತಿದ್ದದ್ದು, ಅವನ ಕಣ್ಣೆದುರೇ ಬೋರಲಾಯಿತು. ಒಂದು ತಲೆ ಮೇಲೆ ಬಂತು. ಇನ್ನೊಂದು ಬರಲಿಲ್ಲ. ಹಾಯಿಯ ಕೆಳಗೆ ಸಿಕ್ಕಿಕೊಂಡಿದ್ದಾಳೆ. ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಒಬ್ಬರು ಹಾಯಿಕಂಬ ಎತ್ತಿ ಹಿಡಿಯಬೇಕು, ಒಬ್ಬರು ಮುಳುಗಬೇಕು. ಶುಯಿಗೆನ್ ಇಂಜಿನ್ ಪೂರ್ತಿ ತಿರುಗಿಸಿ ವೈರ್‌ಲೆಸ್ ಬಾಯಿಗೆ ಹಿಡಿದ.

"ಆರು, ಆರು! ಕೆಂಪು ಹಾಯಿ! ದೋಣಿ ಮಲಗಿದೆ! ದೋಣಿ ಕೆಳಗೆ!" ಎಂದು ತನಗೆ ಬಂದ ಇಂಗ್ಲಿಷಿನಲ್ಲಿ ಕೂಗಿದ.

"ಆರು, ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿ," ಎಂದಿತು ವೈರ್‌ಲೆಸ್, ಯಾರೋ ಬಿಳಿಯನ ದನಿ, ಆರಾಮವಾಗಿ.

ಶುಯಿಗೆನ್ ಕಣ್ಣು ಮುಚ್ಚಲಿಲ್ಲ, ಕೈ ಮುಗಿಯಲಿಲ್ಲ. ಅದಕ್ಕೆಲ್ಲ ಹೊತ್ತೆಲ್ಲಿ?

"ಕ್ಯಾಪ್‌ಸೈಜ್!" ಎಂದ. "ಕ್ಯಾಪ್‌ಸೈಜ್! ಕ್ಯಾಪ್‌ಸೈಜ್!"

ಮೂರು ದಿಕ್ಕಿನಿಂದ ಮೂರು ಲಾಂಚು ನೀರು ಸೀಳಿಕೊಂಡು ಬಂದವು. ಯಾರೋ ಕಂಬ ಎತ್ತಿದರು. ಶುಯಿಗೆನ್ ಬಾಯಲ್ಲಿ ಚೂರಿ ಕಚ್ಚಿ ಮುಳುಗಿ, ಹಗ್ಗ ಕೊಯ್ದು, ಆ ಹುಡುಗಿಯನ್ನು ಕೂದಲು ಹಿಡಿದು ಎಳೆದು ತಂದ. ನೀರು ಕಕ್ಕಿದಳು, ಅತ್ತಳು, ಬದುಕಿದಳು.

ಕಟ್ಟೆಯ ಮೇಲೆ ಜುವಾಂಗ್ ಅವನನ್ನು ತಬ್ಬಿ, "ಇಡೀ ಕೊಲ್ಲಿಗೇ ಕೇಳಿಸ್ತು! ಪಾಸ್, ಗೆನ್ ಅಣ್ಣಾ, ಪಾಸ್!" ಎಂದ. ಜನ ಚಪ್ಪಾಳೆ ತಟ್ಟಿದರು. ಪೇ ಮಿಸ್ ಮಾತ್ರ ತಟ್ಟಲಿಲ್ಲ. ಅವನ ಮುಖ ನೋಡುತ್ತ ಒಂದು ಒಣ ಟವಲು ಹಿಡಿದು ನಿಂತಿದ್ದಳು.

ಅಂದಿನಿಂದ ಶುಯಿಗೆನ್ ಏನೋ ಆಗುತ್ತದೆಂದು ಕಾದ. ಇಂಜಿನ್ ಕೆಡಬಹುದು, ಜ್ವರ ಬರಬಹುದು, ಕಡೆಗೆ ಒಂದು ಕೆಟ್ಟ ಕನಸಾದರೂ ಬೀಳಬಹುದು. ಸಮುದ್ರ ನಿನ್ನೆಯಂತೆಯೇ ಇತ್ತು. ಎದ್ದರೆ ಗಂಜಿ, ಹೋದರೆ ಲಾಂಚು. ಪೇ ಮಿಸ್‌ಳ ಕೆಲಸ ಮುಗಿದಿತ್ತು. ಊರಿಗೆ ಹೊರಡುವ ದಿನ ಬಂದಳು.

"ಏನೂ ಆಗ್ಲಿಲ್ಲ ಅಲ್ವಾ ದೊಡ್ಡಪ್ಪಾ?" ಎಂದಳು, ಸಮಾಧಾನಕ್ಕೆ.

"ಅದೇ ಮಿಸ್," ಎಂದ ಅವನು. "ಏನೂ ಆಗ್ಲಿಲ್ಲ. ಬಯ್ಯೋಕೂ ಯಾರೂ ಬರ್ಲಿಲ್ಲ."

ರೈಲಿಗೆ ಹೊತ್ತಾಗಿತ್ತು.

ಪಂದ್ಯ ಬಂತು, ಹೋಯಿತು. ಬೇಕಾದ ಜಾಗ ಆರಿಸಿಕೋ ಎಂದು ಜುವಾಂಗ್ ಹೇಳಿದಾಗ ಶುಯಿಗೆನ್ ಕೇಳಿದ್ದು ಎಲ್ಲಕ್ಕಿಂತ ಆಚೆಯ ತೇಲುಗುರುತನ್ನು. ಈಗಲೂ ಅಲ್ಲೇ ಇದ್ದಾನೆ. ಅಭ್ಯಾಸವಿದ್ದ ದಿನವೆಲ್ಲ ಅರ್ಧ ಗಂಟೆಗೊಮ್ಮೆ ವೈರ್‌ಲೆಸ್ ಇಂಗ್ಲಿಷಿನಲ್ಲಿ ಕೇಳುತ್ತದೆ, "ಆರು, ಎಲ್ಲ ಸರಿಯಾ?" ಅವನು, "ಆರು, ಎಲ್ಲ ಸರಿ" ಎನ್ನುತ್ತಾನೆ. ದಿನಕ್ಕೆ ಹದಿನಾಲ್ಕು ಸಲ. ಅವನ ಮಾತುಕತೆ ಅಷ್ಟೇ. ನನ್ನ ಮಂಡಿ ಹೋಗಿ ನಾನು ದೋಣಿ ಹತ್ತದೆ ನಾಲ್ಕು ವರ್ಷವಾಯಿತು, ಇಲ್ಲದಿದ್ದರೆ ನಾನೇ ಹೋಗುತ್ತಿದ್ದೆ.

ಅದಕ್ಕೇ ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ನಿಮಗೆ ಗೊತ್ತಿದ್ದವರಿಗೆಲ್ಲ ದಾಟಿಸಿ, ಅವರು ಅವರಿಗೆ ಗೊತ್ತಿದ್ದವರಿಗೆ ದಾಟಿಸಲಿ. ವೈರ್‌ಲೆಸ್ ಕೈಯಲ್ಲಿರುವ ಒಬ್ಬನಿಗಾದರೂ ಒಂದು ದಿನ ಇದು ಮುಟ್ಟಲಿ. ಮುಟ್ಟಿದರೆ, ಅಪ್ಪಾ, ಎಲ್ಲ ಸರಿಯಾ ಎಂದು ಕೇಳಬೇಡ. ಆ ನಲವತ್ತು ಪದ ಒತ್ತಟ್ಟಿಗಿಡು. ನಮ್ಮ ಭಾಷೆಯಲ್ಲೇ, "ಗೆನ್ ದೊಡ್ಡಪ್ಪಾ, ಊಟ ಆಯ್ತಾ?" ಅಂತ ಕೇಳು.