ನಿನ್ನಿಷ್ಟ ಎನ್ನುವ ಗಂಡ

ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರನ್ನು ಕುರ್ಚಿಯಲ್ಲಿ ಕೂರಿಸಿ, ಗಾಜು ಬದಲಿಸುತ್ತ, ‘ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ?’ ಎಂದು ಕೇಳುವುದೇ ಅವಳ ಕೆಲಸ. ‘ಎರಡೂ ಒಂದೇ ಥರ’ ಎನ್ನುವ ಗಿರಾಕಿಗಳನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅಂಥವರನ್ನು ಅಂಗಡಿಯಿಂದ ಹೇಗೋ ಸಾಗಹಾಕಬಹುದು. ಮನೆಯಲ್ಲೇ ಒಬ್ಬನಿದ್ದರೆ ಏನು ಮಾಡುವುದು?

ಲಿಫ್ಟ್ ರಿಪೇರಿ ಮಾಡುವ ಅವಳ ಗಂಡ ಅಂಗಿಯ ಬಣ್ಣದಿಂದ ಹಿಡಿದು ಬಾಡಿಗೆ ಮನೆಯವರೆಗೆ ಎಲ್ಲದಕ್ಕೂ ‘ನಿನ್ನಿಷ್ಟ’ ಎನ್ನುವವನು. ಅವಳ ತಂಗಿ ಅವನಿಗೆ ‘ನಿನ್ನಿಷ್ಟದ ಭಾವ’ ಎಂದೇ ಹೆಸರಿಟ್ಟಿದ್ದಳು. ಮೊದಮೊದಲು ಎಂಥ ಗಂಡ ಸಿಕ್ಕಿದ ಎಂದು ಇವಳೂ ಬೀಗಿದ್ದುಂಟು. ಬರುಬರುತ್ತ ಗೋಡೆಯ ಜೊತೆ ಸಂಸಾರ ಮಾಡಿದ ಹಾಗಾಯಿತು. ಜಗಳವಾಡುವುದಕ್ಕೂ ಎದುರಿಗೊಬ್ಬರು ಬೇಕಲ್ಲ! ‘ನಾನು ಬೇರೆ ಇರ್ತೀನಿ’ ಎಂದು ಅವಳು ಹೇಳಿದ ದಿನವೂ ಆ ಪುಣ್ಯಾತ್ಮ ‘ನಿನ್ನಿಷ್ಟ’ ಎಂದವನೇ ಅವಳ ಪೆಟ್ಟಿಗೆಯನ್ನು ತಾನೇ ಹೊತ್ತು ಕೆಳಗಿಳಿಸಿಕೊಟ್ಟ.

ಈಗ ಇಬ್ಬರಿಗೂ ಸೇರಿದ್ದೆಂದು ಉಳಿದಿದ್ದು ಒಂದೇ. ಮಕ್ಕಳಾಗದವರ ಆಸ್ಪತ್ರೆಯಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದ ಒಂದು ಭ್ರೂಣ. ಉಳಿದವೆಲ್ಲ ಒಂದರ ಹಿಂದೊಂದು ಕೈಕೊಟ್ಟಿದ್ದವು. ಈ ಚಿಕಿತ್ಸೆಗೆ ಕಾನೂನು ಒಪ್ಪುವ ವಯಸ್ಸು ಅವಳಿಗೆ ಮುಗಿಯುತ್ತ ಬಂದಿತ್ತು. ಹೊಸದಾಗಿ ಅಂಡ ತೆಗೆಯುವ ಮಾತೇ ಇಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅಮ್ಮನಾದರೆ ಇದರಿಂದ, ಇಲ್ಲದಿದ್ದರೆ ಇಲ್ಲ. ಆದರೆ ಅದನ್ನು ಅವಳ ಗರ್ಭಕ್ಕೆ ಸೇರಿಸಬೇಕಾದರೆ ಗಂಡನೂ ಒಪ್ಪಬೇಕಿತ್ತು. ಬರೀ ಸಹಿ ಗೀಚಿದರೆ ಆ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ. ಸಲಹೆಗಾರ್ತಿಯ ಮುಂದೆ ಇಬ್ಬರೂ ಕೂತು, ತಮ್ಮ ತಮ್ಮ ಮಾತಿನಲ್ಲಿ ಬೇಕು ಅಥವಾ ಬೇಡ ಎಂದು ಹೇಳಬೇಕು.

ಬಂದು ಒಪ್ಪಿಗೆ ಕೊಡಿ ಎಂದು ಫೋನಿನಲ್ಲಿ ಹೇಳಿದಾಗ ಅವನು ಎಂದಿನಂತೆ ‘ನಿನ್ನಿಷ್ಟ’ ಎಂದಿದ್ದ. ಜನ್ಮದಲ್ಲಿ ಒಂದು ಸಲವಾದರೂ ಆ ಮಾತು ಉಪಯೋಗಕ್ಕೆ ಬಂತಲ್ಲ ಎಂದುಕೊಂಡು ಅವಳು ಅಂಗಡಿಗೆ ರಜೆ ಹಾಕಿ ಬಂದಿದ್ದಳು.

ಕಿಟಕಿಯಿಲ್ಲದ ಕೋಣೆ. ಸಲಹೆಗಾರ್ತಿಗೆ ನೆಗಡಿ. ಅಳುವವರಿಗೆಂದು ಮೇಜಿನ ಮೇಲಿಟ್ಟಿದ್ದ ಟಿಶ್ಯೂ ಡಬ್ಬಿಯನ್ನು ಆಕೆಯೇ ಖಾಲಿ ಮಾಡುತ್ತಿದ್ದಳು. ಹೆಂಡತಿಯ ಮಾತನ್ನು ಬರೆದುಕೊಂಡು ಗಂಡನ ಕಡೆ ತಿರುಗಿದಳು.

‘ನೀವು ಹೇಳಿ ಸರ್.’

‘ಅವಳಿಷ್ಟ ಮೇಡಂ.’

‘ಅವರಿಷ್ಟ ಕೇಳಿ ಆಯ್ತು. ನಿಮ್ಮದು?’

ಅವನು ಹೆಂಡತಿಯ ಮುಖ ನೋಡಿದ. ‘ನಂದೇನೂ ಅಭ್ಯಂತರ ಇಲ್ಲ.’

‘ಅಭ್ಯಂತರ ಇಲ್ಲ ಅಂತ ಬರೆಯೋಕೆ ಇಲ್ಲಿ ಜಾಗಾನೇ ಇಲ್ಲ. ಮಗು ಹುಟ್ಟಿದ್ರೆ ಕಾನೂನಿಗೆ ನೀವೇ ಅಪ್ಪ. ನೀವು ಬೇರೆ ಇದ್ರೂ ಅಷ್ಟೇ. ಅದು ನಿಮಗೆ ಬೇಕಾ?’

‘ನೀವು ಹೇಗೆ ಹೇಳ್ತೀರೋ ಹಾಗೆ.’

ಮೇಜಿನ ಕೆಳಗೆ ಅವನ ಕಾಲು ತುಳಿಯಬೇಕು ಎನ್ನಿಸಿತು ಅವಳಿಗೆ. ಸಲಹೆಗಾರ್ತಿ ಪೆನ್ನು ಕೆಳಗಿಟ್ಟಳು. ‘ಹೊರಗೆ ಹೋಗಿ ಒಂದು ಟೀ ಕುಡಿದು ಬನ್ನಿ’ ಎಂದಳು.

ಹೊರಗೆ ಲಿಫ್ಟಿನ ಎದುರೇ ಬೆಂಚು. ಮೆಷೀನಿನ ಟೀ ಬಿಸಿನೀರಿಗೆ ಬಣ್ಣ ಬಂದಂತಿತ್ತು. ‘ಈ ಲಿಫ್ಟಿನ ಬಾಗಿಲು ಸರಿಯಿಲ್ಲ, ಬಿಚ್ಚಲೇಬೇಕು’ ಎಂದ ಗಂಡ. ಲಿಫ್ಟಿನ ವಿಷಯಕ್ಕೆ ಮಾತ್ರ ಇವನಿಗೆ ಬಾಯಿ ಬರುತ್ತದೆ.

‘ರೀ, ಕೇಳಿ ಇಲ್ಲಿ. ಒಳಗೆ ಹೋದ ತಕ್ಷಣ ನನಗೆ ಮಗು ಬೇಕು ಅನ್ನಿ. ಅಲ್ಲಿಗೆ ಮುಗೀತು.’

‘ಸರಿ, ಅಂತೀನಿ.’

‘ಯಾಕೆ ಬೇಕು ಅಂತ ಕೇಳಿದ್ರೆ?’

‘ಏನು ಹೇಳ್ಲಿ?’

ಅದನ್ನೂ ಹೇಳಿಕೊಡಲು ಬಾಯಿ ತೆರೆದಳು. ಅಷ್ಟರಲ್ಲೇ ಬೇಡವೆನಿಸಿತು. ಇಷ್ಟು ವರ್ಷ ಇಬ್ಬರ ಮಾತನ್ನೂ ಒಬ್ಬಳೇ ಆಡಿ ಆಡಿ ಅವಳಿಗೆ ಸಾಕುಸಾಕಾಗಿತ್ತು. ಉತ್ತರದ ಆಸೆಯೇನೂ ಇಲ್ಲದೆ, ಬರೀ ಸುಸ್ತಿಗೆ ಕೇಳಿದಳು: ‘ನಿಮಗೆ ನಿಜವಾಗ್ಲೂ ಏನು ಬೇಕ್ರೀ?’

ಅವನು ಟೀ ಲೋಟವನ್ನು ಬೆಂಚಿನ ಮೇಲಿಟ್ಟ. ಆಮೇಲೆ ಮೆಲ್ಲಗೆ ಹೇಳಿದ. ‘ನಂಗೆ ಮಗು ಬೇಡ. ಆಗ್ಲೂ ಬೇಡವಾಗಿತ್ತು.’

ಸಂಜೆ ಸಂಜೆ ಅವಳ ಮುಂದೆ ಮಂಡಿಯೂರಿ, ತಣ್ಣಗಿನ ಕೈಯನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು, ಹೊಟ್ಟೆಗೆ ಇಂಜೆಕ್ಷನ್ ಚುಚ್ಚುತ್ತಿದ್ದವನು ಇವನೇ.

‘ಆ ಸೂಜಿ ಎಲ್ಲ ಚುಚ್ಚಿದ್ದು ನೀವೇ ಅಲ್ವೇನ್ರೀ?’

‘ನಿಂಗೆ ಬೇಕಿತ್ತಲ್ಲ.’

‘ಬಾಯಿ ಬಿಟ್ಟು ಹೇಳೋಕೆ ಏನು ಧಾಡಿಯಾಗಿತ್ತು?’

‘ಆಸ್ಪತ್ರೆಗೆ ಯಾವತ್ತು ಹೋಗೋಣ ಅಂತ ಕೇಳ್ದೆ ನೀನು. ಬೇಕಾ ಅಂತ ಕೇಳ್ಲಿಲ್ಲ.’

ಕೋಪ ನೆತ್ತಿಗೇರಿತು. ಆದರೆ ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಅಂಗಡಿಗೆ ಬಂದ ಯಾರು ಯಾರನ್ನೋ ಕೇಳಿದ್ದಳು, ಇವನೊಬ್ಬನನ್ನು ಕೇಳಿರಲಿಲ್ಲ. ಕೇಳಿದರೆ ಏನು ಬರುತ್ತದೆಂದು ಗೊತ್ತೇ ಇದೆ ಎಂದುಕೊಂಡುಬಿಟ್ಟಿದ್ದಳು.

‘ಭಯ ಆಗುತ್ತೆ ಕಣೇ’ ಎಂದ ಅವನು. ‘ಅದು ಬಂದು ಅಪ್ಪಾ, ನಾನು ಏನು ಮಾಡ್ಲಿ ಅಂತ ಕೇಳುತ್ತೆ. ಅದಕ್ಕೂ ನಿನ್ನಿಷ್ಟ ಅನ್ನಕ್ಕಾಗುತ್ತಾ? ಆಗ್ಲಿ ಬಿಡು, ನೀನು ಬೇಜಾರು ಮಾಡ್ಕೋಬೇಡ. ಒಳಗೆ ಬೇಕು ಅಂತಾನೇ ಹೇಳ್ತೀನಿ.’

ಹೇಳಿಯೇ ಹೇಳುತ್ತಾನೆ. ಅದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಅವಳು ಸುಮ್ಮನಿದ್ದರೆ ಸಾಕು. ಸಲಹೆಗಾರ್ತಿ ಬರೆದುಕೊಳ್ಳುತ್ತಾಳೆ, ಕಾನೂನು ತಲೆಯಾಡಿಸುತ್ತದೆ, ಯಾರಿಗೂ ತಿಳಿಯುವುದಿಲ್ಲ. ಮಗು ಅವಳ ಮಡಿಲಿಗೆ ಬರುತ್ತದೆ.

ಬಾಗಿಲು ತೆರೆದು ಸಲಹೆಗಾರ್ತಿ ಕರೆದಳು. ಅವನು ಎದ್ದು ನಿಂತ. ‘ಏನು ಹೇಳ್ಲಿ?’ ಎಂದು ಹೆಂಡತಿಯನ್ನೇ ಕೇಳಿದ.

ಬೇಕು ಅನ್ನಿ ಎಂಬ ಮಾತು ಗಂಟಲಿನವರೆಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

‘ನಿಜ ಹೇಳಿ. ನಾನು ಬೈಯಲ್ಲ.’

ಒಳಗೆ ಅವನು ಕೂರಲೂ ಇಲ್ಲ. ‘ನಂಗೆ ಮಗು ಬೇಡ ಮೇಡಂ’ ಎಂದ. ದನಿ ಸ್ವಲ್ಪ ಜೋರಾಗಿಯೇ ಬಂತು, ಅಭ್ಯಾಸವಿರಲಿಲ್ಲ.

ಸಲಹೆಗಾರ್ತಿ ಇಬ್ಬರ ಮುಖವನ್ನೂ ನೋಡಿ, ಕೇಳಲೇಬೇಕಾದ ಕೊನೆಯ ಪ್ರಶ್ನೆ ಕೇಳಿದಳು. ‘ಯಾರಾದ್ರೂ ಒತ್ತಾಯ ಮಾಡಿ ನಿಮ್ಮ ಕೈಲಿ ಹೀಗೆ ಹೇಳಿಸ್ತಾ ಇದ್ದಾರಾ?’

‘ಹೂಂ’ ಎಂದ ಅವನು. ‘ಇವಳೇ. ನಿಜ ಹೇಳಿ ಅಂತ.’

ಬರೆಯುತ್ತಿದ್ದ ಪೆನ್ನು ನಿಂತಿತು. ಹೆಂಡತಿ ಟಿಶ್ಯೂ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

‘ಬರ್ಕೊಳ್ಳಿ ಮೇಡಂ’ ಎಂದಳು. ‘ಅದು ಅವರದೇ ಮಾತು.’