ನಲವತ್ತೊಂದನೆಯ ಟಕ್

ಮೂರು ದಿನದ ಟಿಕೆಟ್ಟಿಗೆ ತಲೆಗೆ ನನ್ನ ನಾಲ್ಕು ದಿನದ ಸಂಬಳ. ನಾವು ಮೂವರು, ಅಲ್ಲಿಗೆ ಹನ್ನೆರಡು ದಿನ ಹೋಯಿತು. ಪಾರ್ಕಿನ ಒಳಗಿನ ಹೋಟೆಲಿನಲ್ಲಿ ಕೋಣೆಗೆ ಇನ್ನೊಂದು ಒಂಬತ್ತು ದಿನ. ಒಂದು ಬಾಟಲಿ ನೀರಿಗೆ ಅರ್ಧ ಗಂಟೆಯ ದುಡಿಮೆ. ಕಾಗದದ ಲೋಟದ ಐಸ್‌ಕ್ರೀಮಿಗೆ ಒಂದೂವರೆ ಗಂಟೆ, ಅದೂ ಬಿಸಿಲಿಗೆ ಅರ್ಧ ಕರಗಿ ಮೊಣಕೈಗೆ ಇಳಿಯುತ್ತಿತ್ತು. ಲಿಫ್ಟ್ ರಿಪೇರಿಯವನಾದ ನನಗೆ ದುಡ್ಡನ್ನು ಗಂಟೆಗಳಲ್ಲಿ ಎಣಿಸುವುದೇ ಅಭ್ಯಾಸ. ಹನ್ನೊಂದು ಕಟ್ಟಡಗಳಲ್ಲಿ ಮೂವತ್ತನಾಲ್ಕು ಲಿಫ್ಟು ನನ್ನ ಕೈಕೆಳಗಿವೆ. ದಿನವೂ ಜನರನ್ನು ಮೇಲೆ ಹತ್ತಿಸಿ ಕೆಳಗಿಳಿಸುವವನು, ಮೇಲೆ ಹತ್ತಿ ಕೆಳಗಿಳಿಯುವುದಕ್ಕೆ ತಾನೇ ದುಡ್ಡು ಕೊಟ್ಟು ಹೋಗುವುದೆಂದರೆ ಹೇಗಿರುತ್ತದೆ?

ಹೋಗೋಣವೆಂದು ಹೊರಡಿಸಿದವನು ನನ್ನ ಷಡ್ಡಕ. ಹೆಂಡತಿಯ ತಂಗಿಯ ಗಂಡ. ಔಷಧಿ ಅಂಗಡಿ ಇಟ್ಟಿದ್ದಾನೆ. ಅವನಿಗೆ ಮಕ್ಕಳಿಲ್ಲ. ನನಗಿರುವುದು ಒಬ್ಬಳು ಮಗಳು, ಹತ್ತು ವರ್ಷ. ಕಡ್ಡಿಯ ಹಾಗೆ ತೆಳ್ಳಗೆ, ಮಾತು ಮಾತ್ರ ಚುಚ್ಚುತ್ತದೆ ಅಂತ ಅವನು ಅವಳಿಗೆ ‘ಗುಂಡುಸೂಜಿ’ ಅಂತ ಹೆಸರಿಟ್ಟ. ನಾನೂ ನನ್ನ ಹೆಂಡತಿಯೂ ತಿಂಗಳುಗಟ್ಟಲೆ ಯೋಚಿಸಿ ಇಟ್ಟ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಉಳಿಯಿತು. ಮನೆಯಲ್ಲಿ ಚಲಾವಣೆಯಾದದ್ದು ಅವನಿಟ್ಟದ್ದೇ. ನಾನೂ ಹಾಗೇ ಕರೆಯುತ್ತೇನೆ.

ಮೊದಲ ದಿನ ಒಂದು ಸಣ್ಣ ಆಟದ ಬಂಡಿಯಲ್ಲಿ ಮಗಳ ಪಕ್ಕ ನಾನೇ ಕೂತಿದ್ದೆ. ಬಂಡಿ ಏರುತ್ತಿದ್ದಾಗ ಅವಳಿಗೆ ತೋರಿಸಿದೆ: “ನೋಡು, ಅದು ಬ್ರೇಕಿನ ಪಟ್ಟಿ. ಸವೆದಿದೆ, ಆದ್ರೆ ಇನ್ನೂ ಆರು ತಿಂಗಳು ಬರುತ್ತೆ.” ಅವಳು ಕಣ್ಣು ಮುಚ್ಚಿಕೊಂಡಳು. ಹೆದರಿಕೆಯಿಂದ ಅಂದುಕೊಂಡೆ. ಇಳಿದ ಮೇಲೆ ಚಿಕ್ಕಪ್ಪನ ಹತ್ತಿರ ಓಡಿ ಹೋಗಿ, “ಅಪ್ಪನ ಜೊತೆ ಹೋದ್ರೆ ವಿಜ್ಞಾನದ ಪಾಠ ಕೇಳಿದ ಹಾಗಾಗುತ್ತೆ” ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡುವುದು?

ಷಡ್ಡಕ ಬಂಡಿಯಲ್ಲಿ ಕೂತರೆ ಬೇರೆಯೇ ಮನುಷ್ಯ. ಅಂಗಡಿಯಲ್ಲಿ ಮೂಗಿನ ತುದಿಗೆ ಕನ್ನಡಕ ಇಳಿಸಿ ಒಂದೊಂದು ಚೀಟಿಯನ್ನೂ ಎರಡೆರಡು ಸಲ ಓದುವವನು, ಇಲ್ಲಿ ಎರಡೂ ಕೈ ಎತ್ತಿ “ಅಯ್ಯಯ್ಯೋ ಸತ್ತೆ, ಸತ್ತೆ!” ಅಂತ ಬೊಬ್ಬೆ ಹೊಡೆಯುತ್ತಾನೆ. ಗುಂಡುಸೂಜಿ ಅವನ ತೋಳಿಗೆ ಅಂಟಿಕೊಂಡು ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ನನ್ನ ಜೊತೆ ಅವಳು ಯಾವತ್ತೂ ಹಾಗೆ ನಕ್ಕವಳಲ್ಲ. ಎರಡು ದಿನ ನಾನು ಚೀಲ ಕಾಯುತ್ತಾ, ಚಪ್ಪಲಿ ಕಾಯುತ್ತಾ, ಆ ನಗೆ ಕೇಳುತ್ತಾ ಕೂತೆ. ಹೊಟ್ಟೆಯೊಳಗೆ ಸಣ್ಣಗೆ ಉರಿ ಹತ್ತಿತ್ತು. ಹೆಂಡತಿಗೆ ಗೊತ್ತಾಯಿತು.

“ಮುಖ ಯಾಕೆ ಹಾಗೆ ಗಂಟು ಹಾಕ್ಕೊಂಡಿದ್ದೀರಾ?”

“ಬಿಸಿಲು.”

“ಬಿಸಿಲೂ ಇಲ್ಲ, ನೆರಳೂ ಇಲ್ಲ. ಅವರಿಗೂ ಒಂದು ಮಗು ಅಂತ ಇದ್ದಿದ್ರೆ ನಮ್ಮದನ್ನ ಯಾಕೆ ಎತ್ತಾಡ್ತಿದ್ರು? ಮೂರು ದಿನ ಬಿಟ್ಟುಕೊಡಿ. ನಿಮ್ಮ ಗಂಟೇನೂ ಹೋಗಲ್ಲ.”

ಅವಳು ಹೇಳಿದ್ದು ಸರಿಯೇ. ಆದರೆ ಸರಿಯಾದ ಮಾತು ಕೇಳಿದ ಕೂಡಲೇ ಉರಿ ಆರುವುದಾದರೆ ಲೋಕದಲ್ಲಿ ಅರ್ಧ ಜಗಳ ಇರುತ್ತಿರಲಿಲ್ಲ.

ಆ ಪಾರ್ಕಿನಲ್ಲಿ ಎಲ್ಲಕ್ಕಿಂತ ದೊಡ್ಡ ಬಂಡಿಯೊಂದಿತ್ತು. ಆರು ಅಂತಸ್ತಿನಷ್ಟು ಎತ್ತರಕ್ಕೆ ಸರಪಳಿಯಲ್ಲಿ ಎಳೆದುಕೊಂಡು ಹೋಗಿ, ಅಲ್ಲಿಂದ ಕೈಬಿಡುವಂಥದ್ದು. ಅದರ ಬಾಗಿಲಲ್ಲಿ ಎತ್ತರ ಅಳೆಯುವ ಕೋಲು. ಹಿಂದಿನ ವರ್ಷ ಚಿಕ್ಕಪ್ಪನ ಜೊತೆ ಬಂದಾಗ ಗುಂಡುಸೂಜಿ ಎರಡು ಬೆರಳು ಕಡಿಮೆಯಾಗಿ ಅಳುತ್ತಾ ಹಿಂತಿರುಗಿದ್ದಳು. ಈ ವರ್ಷ ಪ್ರತಿ ತಿಂಗಳೂ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು, ಪೆನ್ಸಿಲಿನಿಂದ ಗೆರೆ ಹಾಕಿಸಿಕೊಂಡು ಕಾದಿದ್ದಳು. ಗೆರೆ ಹಾಕಿದವನು ನಾನು. ಆ ಬಂಡಿಯನ್ನು ಮೂರನೆಯ ದಿನಕ್ಕೆ, ಕೊನೆಗೆ ಅಂತ ಇಟ್ಟುಕೊಂಡಿದ್ದರು.

ಮೂರನೆಯ ದಿನ ಮಧ್ಯಾಹ್ನ ಕೋಲಿನ ಕೆಳಗೆ ನಿಂತಳು. ಕೂದಲು ಕೋಲಿಗೆ ತಾಗಿತು. ಕುಣಿದಳು. ಒಂದು ಸಾಲಿಗೆ ಇಬ್ಬರೇ ಕೂರುವ ಸೀಟು.

“ಗುಂಡುಸೂಜಿ, ಇವತ್ತು ನಾನು ಬರ್ತೀನಿ ಕಣೇ ನಿನ್ನ ಜೊತೆ” ಅಂದೆ.

ಅವಳು ಚಿಕ್ಕಪ್ಪನ ಮುಖ ನೋಡಿದಳು. ಆಮೇಲೆ ನನ್ನದು.

“ನೀನು ಬೇಡಪ್ಪಾ. ನೀನು ಬಂದ್ರೆ ಬರೀ ಬೋಲ್ಟ್ ನೋಡ್ತೀಯ.”

ಷಡ್ಡಕ ಮುಜುಗರಪಟ್ಟ. “ಹಾಗನ್ನಬಾರದು ಪುಟ್ಟಾ. ಭಾವ, ನೀವೇ ಹೋಗಿ. ನಾನು ಹಿಂದಿನ ಸೀಟಲ್ಲಿ ಕೂರ್ತೀನಿ.”

“ಬೇಡ ಬೇಡ. ನೀನೇ ಹೋಗಪ್ಪ. ನನಗೆ ಸೊಂಟ ನೋವು” ಅಂದೆ. ಅವನು ಬಿಟ್ಟುಕೊಟ್ಟ ಸೀಟು ತೆಗೆದುಕೊಳ್ಳುವುದು ಇನ್ನೂ ದೊಡ್ಡ ಸೋಲು ಅನ್ನಿಸಿತು.

ಸಾಲು ಉದ್ದವಿತ್ತು. ಅವರು ಕಂಬಿಗಳ ಒಳಗೆ ಹಾವಿನ ಹಾಗೆ ಸುತ್ತುತ್ತಾ ಹೋದರು. ನಾನು ಹೊರಗೆ, ಬಂಡಿ ಏರುವ ಜಾಗದ ಪಕ್ಕದಲ್ಲಿ ನಿಂತೆ. ಬಂಡಿ ಏರುವಾಗ ‘ಟಕ್ ಟಕ್ ಟಕ್’ ಅನ್ನುವ ಸದ್ದು ಬರುತ್ತದೆ. ಸರಪಳಿ ಹರಿದರೂ ಬಂಡಿ ಹಿಂದಕ್ಕೆ ಜಾರದ ಹಾಗೆ, ಹಳಿಯ ನಡುವಿನ ಹಲ್ಲುಗಳಿಗೆ ಒಂದು ಕೊಂಡಿ ಬಿದ್ದು ಬಿದ್ದು ಹೋಗುವ ಸದ್ದು ಅದು. ಕಿವಿ ಸುಮ್ಮನಿರುವುದಿಲ್ಲ. ಎಣಿಸಿದೆ. ನಲವತ್ತರ ವರೆಗೆ ಸರಿಯಾಗಿ ಬಿತ್ತು. ನಲವತ್ತೊಂದನೆಯದು ಇಲ್ಲ. ನಲವತ್ತೆರಡರಿಂದ ಮತ್ತೆ ಸರಿ.

ಅದು ನನಗೆ ಹೊಸ ಸಂಗತಿಯಲ್ಲ. ಮೊದಲ ದಿನವೇ ಕೇಳಿದ್ದೆ. ಹಳಿಯ ಪಕ್ಕ ಜನ ಓಡಾಡಲು ಕಟ್ಟಿದ ಸೇತುವೆಯ ಮೇಲೆ ನಿಂತು ಕಣ್ಣಿಂದಲೂ ನೋಡಿದ್ದೆ. ಆ ಜಾಗದಲ್ಲಿ ಎರಡು ಹಳಿ ಕೂಡುತ್ತವೆ. ಒಂದು ಹಲ್ಲು ಬಿಟ್ಟು, ಪಟ್ಟಿ ಬೆಸೆದು, ಮೇಲೆ ಬಣ್ಣ ಬಳಿದಿದ್ದರು. ಮುರಿದದ್ದಕ್ಕೆ ಯಾರೂ ಬಣ್ಣ ಬಳಿಯುವುದಿಲ್ಲ. ಮಾಡಿದವರೇ ಹಾಗೆ ಮಾಡಿದ್ದು. ಇದರಲ್ಲಿ ನನಗೆ ಕೂದಲೆಳೆಯಷ್ಟೂ ಅನುಮಾನ ಇರಲಿಲ್ಲ. ಇದನ್ನು ನಾನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಒಳಗೆ ಗುಂಡುಸೂಜಿ ಚಿಕ್ಕಪ್ಪನ ಕೈ ಹಿಡಿದುಕೊಂಡು, ತುದಿಗಾಲಲ್ಲಿ ನಿಂತು, ಅವನ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಅವನು ನನ್ನ ಕಡೆ ತಿರುಗಿ ನಕ್ಕ. ಅವಳೂ ನಕ್ಕಳು. ನನ್ನನ್ನೇ ಕುರಿತು ನಗುತ್ತಿದ್ದಾರೆ ಅನ್ನಿಸಿತು. ಇನ್ನು ಒಂದು ಬಂಡಿ ಹೋದರೆ ಮುಂದಿನದರಲ್ಲಿ ಅವರು. ಅವಳ ಬದುಕಿನ ಮೊದಲ ದೊಡ್ಡ ಹಾರಾಟ. ಮುದುಕಿಯಾದ ಮೇಲೂ ನೆನೆಸಿಕೊಳ್ಳುತ್ತಾಳೆ. ಆ ನೆನಪಿನಲ್ಲಿ ಪಕ್ಕದ ಸೀಟಿನಲ್ಲಿ ಅವನಿರುತ್ತಾನೆ. ನಾನು ಕೆಳಗೆ ಚೀಲ ಹಿಡಿದು ನಿಂತಿರುತ್ತೇನೆ.

ಕಾಲು ತಾವಾಗಿಯೇ ಬಂಡಿ ನಡೆಸುವವನ ಗೂಡಿನ ಕಡೆ ಹೋದವು. ನಡುವಯಸ್ಸಿನ ಮನುಷ್ಯ, ಹಳದಿ ಅಂಗಿ.

“ನಾನು ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತೆರಡು ವರ್ಷದ ಅನುಭವ. ನಿಮ್ಮ ಬಂಡಿ ಏರುವಾಗ ಒಂದು ಹಲ್ಲಿನ ಸದ್ದು ಬರ್ತಾ ಇಲ್ಲ” ಅಂದೆ.

ನಮ್ಮ ಕಸುಬಿನಲ್ಲಿ ಒಂದು ನಿಯಮವಿದೆ. ತಿಳಿದವನೊಬ್ಬ ‘ಸದ್ದು ಸರಿಯಿಲ್ಲ’ ಅಂದರೆ ಮೊದಲು ನಿಲ್ಲಿಸಬೇಕು, ಆಮೇಲೆ ವಿಚಾರಿಸಬೇಕು. ಅಲ್ಲೂ ಅದೇ ನಿಯಮ ಅಂತ ನನಗೆ ಗೊತ್ತಿತ್ತು. ಅವನು ನನ್ನ ಮುಖವನ್ನೊಂದು ಸಲ ನೋಡಿ ಕೆಂಪು ಗುಂಡಿ ಒತ್ತಿದ. ಏರಲು ಸಿದ್ಧವಾಗಿದ್ದ ಬಂಡಿ ಅಲ್ಲೇ ನಿಂತಿತು. ಜನ ಗೊಣಗುತ್ತಾ ಇಳಿದರು. ಸಾಲು ಕರಗಿತು. ಬಾಗಿಲ ಹತ್ತಿರ, ಕಂಬಿಗೆ ಮೂಗು ಒತ್ತಿಕೊಂಡು ಗುಂಡುಸೂಜಿ ಒಬ್ಬಳೇ ನಿಂತೇ ಇದ್ದಳು.

ಅಲ್ಲಿನ ಮುಖ್ಯ ಮೆಕ್ಯಾನಿಕ್ ಒಬ್ಬ ಹೆಂಗಸು. ತೋಳಿಗೆಲ್ಲ ಗ್ರೀಸು. ಹಳಿಯ ಪಕ್ಕದ ಮೆಟ್ಟಿಲು ಹತ್ತಿ, ದೀಪ ಹಾಕಿ ನೋಡಿ, ಇಳಿದು ಬಂದು ನನ್ನನ್ನು ಪಕ್ಕಕ್ಕೆ ಕರೆದಳು.

“ಅಲ್ಲೊಂದು ಹಲ್ಲು ಮೊದಲಿಂದಾನೂ ಇಲ್ಲಣ್ಣ. ಕೂಡು ಇದೆ, ಅದಕ್ಕೆ ಬಿಟ್ಟಿದ್ದಾರೆ. ಎಷ್ಟು ಸಲ ಕೇಳಿಸ್ಕೊಂಡ್ರಿ?”

“ಎರಡು ಸಲ.”

“ಎರಡೇನಾ?” ಅಂದಳು. ಕುಂಬಳಕಾಯಿ ಕಳ್ಳ ಅಂದ ಹಾಗಾಯಿತು. ನನ್ನ ಕೈ ಹೆಗಲಿಗೆ ಹೋಗದಿದ್ದದ್ದೇ ಪುಣ್ಯ. “ಪರವಾಗಿಲ್ಲ ಬಿಡಿ. ಕೇಳಿದ್ದನ್ನ ಮುಚ್ಚಿಡೋದಕ್ಕಿಂತ ಹೇಳೋದು ಒಳ್ಳೇದು. ಆದ್ರೆ ಒಂದ್ಸಲ ನಿಲ್ಲಿಸಿದ ಮೇಲೆ ಮರಳಿನ ಮೂಟೆ ಇಟ್ಟು ಇಪ್ಪತ್ತು ಸುತ್ತು ಖಾಲಿ ಓಡಿಸಿ ನೋಡ್ಬೇಕು. ಇವತ್ತಿಗೆ ಮುಗೀತು.”

ನಮ್ಮ ಬಸ್ಸು ಸಂಜೆ ಏಳಕ್ಕೆ.

ಮಗಳು ಅಳುತ್ತಾಳೆ, ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಓಡಿ ಬಂದು ನನ್ನ ಸೊಂಟ ತಬ್ಬಿಕೊಂಡಳು.

“ಅಪ್ಪಾ, ನೀನು ಹೇಳ್ದೆ ಇದ್ದಿದ್ರೆ ನಾವು ಬಿದ್ದು ಸಾಯ್ತಿದ್ವಾ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ‘ಇಲ್ಲ’ ಅನ್ನುವುದಕ್ಕೆ ಒಂದು ಉಸಿರಿನಷ್ಟು ಹೊತ್ತಿತ್ತು. ನಾನು ಅವಳ ತಲೆ ಸವರಿದೆ, ಅಷ್ಟೆ.

“ಭಾವಾ, ನಿಮ್ಮದು ಕಿವಿಯಲ್ಲ, ಡಾಕ್ಟರ ಸ್ಟೆತಾಸ್ಕೋಪು!” ಅಂತ ಷಡ್ಡಕ ಎರಡೂ ಕೈಯಲ್ಲಿ ನನ್ನ ಕೈ ಕುಲುಕಿದ. “ಅವಳನ್ನ ನಾನೇ ಕೂರಿಸ್ತಿದ್ದೆನಲ್ಲ, ಅಯ್ಯೋ!”

ಬಸ್ಸಿನಲ್ಲಿ ಮಗಳು ನನ್ನ ಪಕ್ಕ ಕೂತು, ನನ್ನ ಹೆಗಲಿಗೆ ತಲೆ ಇಟ್ಟು, ಹಿಂದಿನ ಸೀಟಿನವರಿಗೂ ಮುಂದಿನ ಸೀಟಿನವರಿಗೂ ನನ್ನ ಕಥೆ ಹೇಳಿದಳು. ಮೂರು ದಿನ ನಾನು ಬಯಸಿದ್ದೆಲ್ಲ ಬಡ್ಡಿ ಸಮೇತ ಸಿಕ್ಕಿತು. ನುಂಗುವುದಕ್ಕೆ ಆಗಲಿಲ್ಲ.

ಅವಳು ನಿದ್ದೆ ಹೋದ ಮೇಲೆ ಷಡ್ಡಕನನ್ನು ಕೇಳಿದೆ: “ಅಲ್ಲಯ್ಯಾ, ಏನು ಸುಖ ನಿನಗೆ ಆ ಬಂಡಿಯಲ್ಲಿ?”

“ನಗಬೇಡಿ ಭಾವ. ಅಂಗಡಿಯಲ್ಲಿ ಒಂದು ಸೊನ್ನೆ ಹೆಚ್ಚು ಓದಿದ್ರೆ ಯಾರದ್ದೋ ಜೀವ ಹೋಗುತ್ತೆ. ಬೆಳಗಿಂದ ಸಂಜೆ ತನಕ ಅದೇ ಭಯ. ಅಲ್ಲಿ ಸೀಟಿನ ಕಂಬಿ ಎದೆ ಮೇಲೆ ಬಿದ್ದ ಮೇಲೆ ಎರಡು ನಿಮಿಷ ಯಾವುದೂ ನನ್ನ ಕೈಯಲ್ಲಿಲ್ಲ. ಯಾರೋ ಬೇರೆಯವರು ಎಚ್ಚರವಾಗಿದ್ದಾರೆ ಅಂತ ನಾನು ಬೊಬ್ಬೆ ಹೊಡೀಬಹುದು.”

ಆಗ ನನಗೆ ಅರ್ಥವಾಯಿತು. ಅವನು ಎರಡು ನಿಮಿಷ ಇನ್ನೊಬ್ಬರ ಕೈಗೆ ಜೀವ ಒಪ್ಪಿಸಿ ಹಗುರಾಗುತ್ತಾನೆ. ನಾನು ದಿನವಿಡೀ ಆ ಇನ್ನೊಬ್ಬ. ಬಟ್ಟೆಯ ಚೂರು ಹಿಡಿದು ಲಿಫ್ಟಿನ ಹಗ್ಗದ ಉದ್ದಕ್ಕೂ ಸವರಿ, ಎಲ್ಲಾದರೂ ತಂತಿಯ ಎಳೆ ತುಂಡಾಗಿ ಸಿಕ್ಕಿಕೊಳ್ಳುತ್ತದೆಯೇ ಅಂತ ನೋಡುವವನಿಗೆ, ಯಾವ ಕಂಬಿ ಎದೆಯ ಮೇಲೆ ಬಿದ್ದರೂ ಆ ಕೈ ಕೆಳಗಿಡಲು ಬರುವುದಿಲ್ಲ. ಅವನಿಗೆ ಬರುತ್ತದೆ. ಮಗಳಿಗೂ ಬರುತ್ತಿತ್ತು. ನನಗೆ ಹೊಟ್ಟೆಕಿಚ್ಚಾದದ್ದು ಅದಕ್ಕೇ ಇರಬೇಕು.

ಮಗಳಿಗೆ ಬರುತ್ತಿತ್ತು ಅಂದೆ. ಊರಿಗೆ ಬಂದ ಮೇಲೆ ಅದು ನಿಂತುಹೋಯಿತು. ಷಡ್ಡಕನ ಮನೆ ಆರನೆಯ ಮಹಡಿಯಲ್ಲಿ. ಗುಂಡುಸೂಜಿ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತತೊಡಗಿದಳು. ಶಾಲೆಯ ಅಂಗಳದ ಉಯ್ಯಾಲೆಯಲ್ಲೂ ಕೂರಲಿಲ್ಲ. ಸರಪಳಿ ಕಿರುಗುಟ್ಟುತ್ತದಂತೆ. ‘ದೊಡ್ಡವಳಾಗ್ತಿದ್ದಾಳೆ’ ಅಂದಳು ಹೆಂಡತಿ. ಮುಂದಿನ ವರ್ಷದ ರಜೆಗೆ ಚಿಕ್ಕಪ್ಪ ಮತ್ತೆ ಪಾರ್ಕಿನ ಮಾತೆತ್ತಿದಾಗ ಅವಳು ಬರುವುದಿಲ್ಲ ಅಂದಳು. ಅವನು ಎಷ್ಟು ಪುಸಲಾಯಿಸಿದರೂ ಇಲ್ಲ.

ಆ ವಾರ ಅವರ ಮನೆಯ ಮೆಟ್ಟಿಲು ಹತ್ತುವಾಗ, ಮೂರನೆಯ ಮಹಡಿಯ ತಿರುವಿನಲ್ಲಿ ಕೇಳಿದೆ: “ಯಾಕೆ ಬೇಡ ಅಂದೆ?”

“ನೀನು ಕೆಳಗೆ ನಿಂತಿಲ್ಲದೆ ಇದ್ರೆ ಯಾರು ಕೇಳಿಸ್ಕೊಳ್ತಾರೆ?” ಅಂದಳು. ಅವಳ ಮೇಲುತುಟಿಯ ಮೇಲೆ ಬೆವರಿತ್ತು.

ನಾನು ಚೀಲ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತೆ. ಹೇಳಿದೆ. ಹಲ್ಲಿನ ವಿಷಯ, ಸೇತುವೆಯ ವಿಷಯ, ಬಣ್ಣದ ವಿಷಯ ಎಲ್ಲ.

“ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಯಾಕೆ ನಿಲ್ಲಿಸ್ದೆ?”

“ನೀನು ಚಿಕ್ಕಪ್ಪನ ಪಕ್ಕ ಕೂತ್ಕೊಳ್ತಿದ್ದೆಯಲ್ಲ, ಅದಕ್ಕೆ.”

ಅವಳು ನನ್ನನ್ನು ನೋಡಿದಳು. ದೊಡ್ಡವರು ಚಿಕ್ಕ ಮಕ್ಕಳನ್ನು ನೋಡುವ ಹಾಗಿತ್ತು ಆ ನೋಟ.

“ಇಷ್ಟಕ್ಕಾ?”

“ಇಷ್ಟಕ್ಕೇ.”

“ನಾನು ಒಂದು ವರ್ಷದಿಂದ ಮೆಟ್ಟಿಲು ಹತ್ತುತ್ತಾ ಇದ್ದೀನಿ ಅಪ್ಪಾ.”

ಅವಳು ಹೋಗಿ ಲಿಫ್ಟಿನ ಗುಂಡಿ ಒತ್ತಿದಳು. ಬಾಗಿಲು ತೆರೆಯಿತು. ಒಳಗೆ ಹೋಗಿ, ಗೋಡೆಯ ಹಿಡಿಕೆ ಗಟ್ಟಿಯಾಗಿ ಹಿಡಿದುಕೊಂಡು ನಿಂತಳು. ನನ್ನನ್ನು ಕರೆಯಲಿಲ್ಲ. ಬಾಗಿಲು ಮುಚ್ಚಿತು. ನಾನು ಉಳಿದ ಮೂರು ಮಹಡಿ ನಡೆದು ಹತ್ತಿದೆ.

ಆ ರಜೆಯಲ್ಲಿ ಅವಳು ಚಿಕ್ಕಪ್ಪ ಚಿಕ್ಕಮ್ಮನ ಜೊತೆ ಹೋದಳು. ದೊಡ್ಡ ಬಂಡಿಯಲ್ಲಿ ನಾಲ್ಕು ಸಲ ಕೂತಳಂತೆ. ಮೊದಲ ಸಲ ಕಣ್ಣು ಮುಚ್ಚಿಕೊಂಡು, ಉಳಿದ ಮೂರು ಸಲ ಕೈ ಎತ್ತಿಕೊಂಡು. ನಾನು ಮಾಡಿದ್ದನ್ನು ಅವಳು ಚಿಕ್ಕಪ್ಪನಿಗೆ ಇವತ್ತಿಗೂ ಹೇಳಿಲ್ಲ. ಅವನು ಈಗಲೂ ನೆಂಟರಿಷ್ಟರ ಮುಂದೆ ನನ್ನ ಕಿವಿಯನ್ನು ಹೊಗಳುತ್ತಾನೆ. ಅವಳು ಆಗ ತಟ್ಟೆ ನೋಡುತ್ತಾ ಊಟ ಮಾಡುತ್ತಾಳೆ.

ಅವಳ ಧೈರ್ಯ ಅವಳಿಗೆ ಮರಳಿ ಸಿಕ್ಕಿತು. ಮೊದಲು ನಾನು ಏನು ಹೇಳಿದರೂ ಅವಳು ಕೂಡಲೇ ನಂಬುತ್ತಿದ್ದಳು. ಈಗ ‘ನಿಜಾನಾ?’ ಅಂತ ಕೇಳಿ, ನನ್ನ ಮುಖ ನೋಡಿ, ಆಮೇಲೆ ನಂಬುತ್ತಾಳೆ.