ಬೆಕ್ಕಿನ ಚಿತ್ರದ ಕೆಳಗೆ

ಮನೆಯ ಮೇಲಿನ ಕೋಣೆಯಲ್ಲಿ ಎರಡು ಮೇಜುಗಳಿದ್ದವು. ಕಿಟಕಿಯ ಕಡೆಯದು ಅಕ್ಕನದು, ಗೋಡೆಯ ಕಡೆಯದು ತಮ್ಮನದು. ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂತರೆ ಕುರ್ಚಿಗಳು ಒಂದಕ್ಕೊಂದು ತಾಗುವಷ್ಟು ಚಿಕ್ಕ ಕೋಣೆ ಅದು. ವೆಬ್‌ಸೈಟ್ ಮಾಡುವುದು ಅವರ ಕೆಲಸ. ಹಲ್ಲಿನ ಡಾಕ್ಟರು, ಡ್ರೈವಿಂಗ್ ಸ್ಕೂಲಿನವರು, ಹೂವಿನ ಅಂಗಡಿಯವರು, ಹೀಗೆ ದೊಡ್ಡ ಕಂಪನಿಗಳು ಕಣ್ಣೆತ್ತಿಯೂ ನೋಡದ ಗಿರಾಕಿಗಳೆಲ್ಲ ಆ ಕಿರಿದಾದ ಮೆಟ್ಟಿಲು ಹತ್ತಿ ಇವರ ಹತ್ತಿರ ಬರುತ್ತಿದ್ದರು.

ತಮ್ಮನಿಗೆ ಈ ವಿದ್ಯೆ ಕಲಿಸಿದವಳು ಅಕ್ಕನೇ. ಓದು ತಲೆಗೆ ಹತ್ತದೆ, ಸೇರಿದ ಕೆಲಸಗಳಲ್ಲೂ ನಿಲ್ಲದೆ ಮುಖ ಊದಿಸಿಕೊಂಡು ಓಡಾಡುತ್ತಿದ್ದವನನ್ನು ಎಳೆದುಕೊಂಡು ಬಂದು ಗೋಡೆಯ ಕಡೆಗೆ ಕೂರಿಸಿದ್ದಳು. ಮೊದಲು ಪುಟದ ಗೋಡೆ ಕಟ್ಟುವ ಎಚ್‌ಟಿಎಂಎಲ್ ಸರಿಯಾಗಿ ಬರಲಿ, ಬಣ್ಣ ಬಳಿಯುವ ಸಿಎಸ್‌ಎಸ್ ಆಮೇಲೆ, ಜಾವಾಸ್ಕ್ರಿಪ್ಟ್ ಹೆಸರು ಸದ್ಯಕ್ಕೆ ಎತ್ತಲೇಬೇಡ ಎಂದಿದ್ದಳು. ಗೋಡೆ ಏಳುವ ಮುಂಚೆಯೇ ಬಣ್ಣದ ಡಬ್ಬಿ ಹಿಡಿದು ಓಡಿ ಬರುವವನು ನೀನು ಎಂದು ಬೈಯುತ್ತಿದ್ದಳು. ಹಾಗೆ ಬೈಸಿಕೊಂಡೇ ಅವನು ಕಲಿತ. ಕಲಿತ ಮೇಲೆ ಅವಳ ಜೊತೆ ಜಗಳಕ್ಕೂ ನಿಂತ.

ಅವರ ಜಗಳ ಕೇಳಿದರೆ ಆಸ್ತಿ ಪಾಲಾಗುತ್ತಿದೆಯೇನೋ ಅನ್ನಿಸಬೇಕು. ವಿಷಯ ನೋಡಿದರೆ ಬ್ರೌಸರ್. ಅಕ್ಕನಿಗೆ ಫೈರ್‌ಫಾಕ್ಸ್ ಬಿಟ್ಟರೆ ಬೇರೆ ಬ್ರೌಸರ್ ಇಲ್ಲ. ತಮ್ಮನದು ಕ್ರೋಮ್. ಅವನು ಚೆಂದ ಮಾಡಿ ಮುಗಿಸಿದ ಪುಟವನ್ನು ಅವಳು ತನ್ನ ಬ್ರೌಸರಿನಲ್ಲಿ ತೆರೆದು, ಎಲ್ಲೋ ಒಂದು ಬಟನ್ ಅರ್ಧ ಬೆರಳು ಕೆಳಗೆ ಜಾರಿದ್ದನ್ನು ಹುಡುಕಿ, ತಿರುಗಿಯೂ ನೋಡದೆ "ಬಾರಪ್ಪಾ, ನಿನ್ನ ಅರಮನೆ ಕುಸಿದಿದೆ" ಅನ್ನುತ್ತಿದ್ದಳು. ಕೋಡ್ ಬರೆಯುವ ಎಡಿಟರ್ ವಿಷಯದಲ್ಲಂತೂ ಇಬ್ಬರಿಗೂ ಎಣ್ಣೆ ಸೀಗೇಕಾಯಿ. ಅವನದು ಬಣ್ಣಬಣ್ಣದ್ದು, ಎರಡಕ್ಷರ ಒತ್ತಿದರೆ ಉಳಿದದ್ದನ್ನು ತಾನೇ ಸೂಚಿಸುವಂಥದ್ದು. ಅವಳದು ವಿಮ್. ಅದರಲ್ಲಿ ಮೌಸಿಗೆ ಕೆಲಸವೇ ಇಲ್ಲ. ಒಂದೊಂದು ಅಕ್ಷರವೂ ಒಂದೊಂದು ಅಪ್ಪಣೆ, ಎಲ್ಲವೂ ಬೆರಳಿನ ನೆನಪಿನಲ್ಲೇ ನಡೆಯಬೇಕು. ಬಸ್ ಓಡಿಸುವ ಭಾವ ಒಮ್ಮೆ ಕಾಫಿ ಹಿಡಿದು ಮೇಲೆ ಬಂದಾಗ ಈ ಜಗಳ ನಡೆದಿತ್ತು. ಪಾತ್ರೆ ತೊಳೆಯುವ ಪುಡಿಗೆ ಇಷ್ಟೊಂದು ಕಿತ್ತಾಟ ಯಾಕೆ, ನಾಳೆ ಎರಡು ಡಬ್ಬಿ ತಂದುಕೊಡ್ತೀನಿ ಎಂದು ಅವರು ಹೇಳಿದ ಮಾತು ಆ ಮನೆಯಲ್ಲಿ ಬಹಳ ದಿನ ಓಡಾಡಿತು.

ಅಕ್ಕನಿಗೆ ಕಾಯಿಲೆ ಬಂದದ್ದು ಅಂಥದ್ದೇ ಒಂದು ಸಾಧಾರಣ ಬೆಳಿಗ್ಗೆ. ಅವಳು ವೆಬ್‌ಸೈಟ್ ಮಾಡಿಸುತ್ತಿದ್ದ ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಬೆನ್ನ ಹಿಂದೆ ತಮ್ಮನಿಗೆ ಕೇಳುತ್ತಿದ್ದ ಮಾತು ಇದ್ದಕ್ಕಿದ್ದಂತೆ ಹಳಿ ತಪ್ಪಿತು. "ಬಾಗಿಲು" ಅಂದಳು. ಮತ್ತೆ "ಬಾಗಿಲು" ಅಂದಳು. ಅವನು ತಿರುಗಿ ನೋಡಿದಾಗ ಅವಳ ಬಲಗೈ ಕೀಬೋರ್ಡಿನ ಮೇಲೆ ಸುಮ್ಮನೆ ಬಿದ್ದಿತ್ತು, ಒಂದೇ ಅಕ್ಷರ ಪರದೆಯ ಮೇಲೆ ಸಾಲುಸಾಲಾಗಿ ತುಂಬುತ್ತಿತ್ತು. ಅವನಿಗೆ ಏನೂ ಹೊಳೆಯದೆ ಫೋನ್ ಕಿತ್ತು ಕಿವಿಗಿಟ್ಟುಕೊಂಡ.

"ನಾನು ಪ್ರಾಣಿಗಳ ಡಾಕ್ಟರ್ ಇರಬಹುದು" ಎಂದರು ಡಾಕ್ಟರಮ್ಮ ಆ ಕಡೆಯಿಂದ. "ಆದ್ರೆ ಈ ಮಾತು ಸರಿಯಿಲ್ಲ. ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಒಂದು ನಿಮಿಷಾನೂ ತಡ ಮಾಡ್ಬೇಡಿ."

ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಜೀವ ಉಳಿಯಿತು. ಬಲಗೈ ಬಲಗಾಲು ಸೋತಿದ್ದವು, ಕಾಲು ನಿಧಾನವಾಗಿ ಚೇತರಿಸಿಕೊಂಡಿತು. ಚೇತರಿಸಿಕೊಳ್ಳದೇ ಉಳಿದದ್ದು ಮಾತು. ಬುದ್ಧಿ ಎಲ್ಲ ಮೊದಲಿನಂತೆಯೇ ಇದೆ, ಪದ ಮಾತ್ರ ಕೈಗೆ ಸಿಗುವುದಿಲ್ಲ, ಒಂದನ್ನು ಹುಡುಕಹೋದರೆ ಇನ್ನೊಂದು ಬರುತ್ತದೆ ಎಂದು ಆಸ್ಪತ್ರೆಯವರು ಬಿಡಿಸಿ ಹೇಳಿದರು. ಅಕ್ಕ ನೀರು ಕೇಳಲು ಹೋಗಿ ಚಪ್ಪಲಿ ಕೇಳುತ್ತಿದ್ದಳು. ಹೇಳಿದ್ದು ತಪ್ಪು ಎಂದು ಅವಳಿಗೇ ತಕ್ಷಣ ಗೊತ್ತಾಗುತ್ತಿತ್ತು. ಆಗ ಅವಳ ಮುಖ ನೋಡುವುದು ಕಷ್ಟವಾಗುತ್ತಿತ್ತು.

ಮನೆಗೆ ಬಂದ ಸ್ವಲ್ಪ ದಿನಕ್ಕೇ ಅವಳು ಮೆಟ್ಟಿಲಿನ ಕಡೆ ಬೆರಳು ಮಾಡಿದಳು. ಭಾವ ಒಂದು ಕೈ, ತಮ್ಮ ಒಂದು ಕೈ ಹಿಡಿದು ಮೇಲೆ ಹತ್ತಿಸಿದರು. ತನ್ನ ಕುರ್ಚಿಯಲ್ಲಿ ಕೂತು, ಎಡಗೈಯಲ್ಲಿ ವಿಮ್ ತೆರೆದು, ಒಂದು ಅಕ್ಷರ ಒತ್ತಿದಳು. ಬರೆದಿದ್ದ ಸಾಲೇ ಅಳಿಸಿಹೋಯಿತು. ಇನ್ನೊಂದು ಒತ್ತಿದಳು. ಬೇರೆ ಏನೋ ಆಯಿತು. ಅಷ್ಟು ವರ್ಷ ಬೆರಳ ತುದಿಯಲ್ಲಿದ್ದದ್ದು ಅಲ್ಲಿರಲಿಲ್ಲ. ಬಹಳ ಹೊತ್ತು ಪರದೆ ನೋಡುತ್ತಾ ಕೂತು, ಕೊನೆಗೆ ತಮ್ಮನ ಕಂಪ್ಯೂಟರಿನ ಕಡೆ ತಿರುಗಿ, ಅದೇ ಕೊಡು ಎಂಬಂತೆ ಸನ್ನೆ ಮಾಡಿದಳು.

ಅವನು ತನ್ನ ಎಡಿಟರನ್ನು ಅವಳ ಕಂಪ್ಯೂಟರಿಗೆ ಹಾಕಿಕೊಟ್ಟ. ಒಂದು ಮೌಸನ್ನೂ ತಂದು ಎಡಗೈಯ ಕಡೆಗೆ ಇಟ್ಟ. ಈಗ ಒಂದಾದರೂ ಚುಚ್ಚುಮಾತು ಬರುತ್ತದೆ ಎಂದು ಕಾದ. ಅವಳು ಏನೂ ಅನ್ನದೆ ಮೌಸ್ ಹಿಡಿದುಕೊಂಡಳು. ಅವನು ಕೆಳಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದುಕೊಂಡು ಬಂದ.

ಡಾಕ್ಟರಮ್ಮನ ವೆಬ್‌ಸೈಟ್ ಅರ್ಧಕ್ಕೇ ನಿಂತಿತ್ತು. ಬೇರೆ ಯಾರಿಗೂ ಕೊಡುವುದಿಲ್ಲ, ಅವರು ಏಳಲಿ, ಕಾಯುತ್ತೇನೆ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಅದು ನನ್ನದು ಎಂಬಂತೆ ಅಕ್ಕ ಎದೆ ಮುಟ್ಟಿ ತೋರಿಸಿದಳು. ತಮ್ಮ ಒಪ್ಪಿದ. ಪ್ರಾಣಿಯ ಚಿತ್ರ ಒತ್ತಿ, ದಿನ ಆರಿಸಿಕೊಂಡು, ಆಸ್ಪತ್ರೆಗೆ ಬರುವ ಸಮಯ ಗೊತ್ತು ಮಾಡಿಕೊಳ್ಳುವ ಪುಟ ಅದು. ಅಂಥವನ್ನು ಮೊದಲಾಗಿದ್ದರೆ ಅವಳು ಹಾಡು ಗುನುಗುತ್ತಾ ಮುಗಿಸುತ್ತಿದ್ದಳು.

ಅವಳು ದಿನಾ ಕೂತಳು. ಒಂದು ಸಾಲು, ಬಹಳ ಹೊತ್ತು ಬಿಟ್ಟು ಇನ್ನೊಂದು ಸಾಲು. ಸಂಜೆ ಅವಳು ಕೆಳಗಿಳಿದ ಮೇಲೆ ತಮ್ಮ ಆ ಕೋಡ್ ತೆರೆದು ನೋಡುತ್ತಿದ್ದ. ಶಿಸ್ತೆಲ್ಲ ಹಾಗೆಯೇ ಇತ್ತು. ತೆರೆದ ಬ್ರ್ಯಾಕೆಟನ್ನು ಮುಚ್ಚದೆ ಬಿಟ್ಟದ್ದು ಒಂದೂ ಇರಲಿಲ್ಲ. ಸಾಲುಗಳ ಅಂಚು ಗೆರೆ ಎಳೆದಂತೆ ನೇರವಾಗಿತ್ತು. ಒಳಗಿನ ಪದಗಳು ಮಾತ್ರ ಜಾಗ ಬದಲಾಯಿಸಿಕೊಂಡಿದ್ದವು. ತೋರಿಸಬೇಕಾದದ್ದನ್ನು ಮರೆಮಾಡು ಎಂದಿರುತ್ತಿತ್ತು, ಮರೆಮಾಡಬೇಕಾದದ್ದನ್ನು ತೋರಿಸು ಎಂದಿರುತ್ತಿತ್ತು. ಶನಿವಾರ ಒತ್ತಿದರೆ ಗಿಳಿ ಬರುತ್ತಿತ್ತು.

ಮೊದಲ ಸಲ ತಿದ್ದಿದಾಗ, ಬರೀ ಒಂದು ಪದ ತಾನೇ ಅಂದುಕೊಂಡ. ಮರುದಿನ ಅಕ್ಕ ಪುಟ ತೆರೆದಳು, ಕೆಲಸ ಮಾಡಿತು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಮೊದಲ ಬಾರಿಗೆ ನಕ್ಕದ್ದು ಆವತ್ತೇ. ಆ ನಗು ನೋಡಿದವನಿಗೆ ಮುಂದೆ ನಿಲ್ಲಿಸಲಾಗಲಿಲ್ಲ. ದಿನಾ ಸಂಜೆ ಕೂತು ತಿದ್ದಿದ. ಅವಳ ಕೈಯದೇ ಅನ್ನಿಸುವಂತೆ, ಅವಳು ಹೆಸರಿಡುವ ರೀತಿಯಲ್ಲೇ ಹೆಸರಿಟ್ಟು, ಅವಳು ಜಾಗ ಬಿಡುವಲ್ಲೇ ಜಾಗ ಬಿಟ್ಟು ತಿದ್ದಿದ. ಅಕ್ಕನ ಊಟ ಹೆಚ್ಚಿತು. ಮಾತು ಕಲಿಸಲು ಬರುತ್ತಿದ್ದ ಮೇಡಂ ಎದುರು ಅವಳು ಹಟ ಮಾಡುವುದು ಕಡಿಮೆಯಾಯಿತು. ಎದೆಭಾರ ತಡೆಯದೆ ಅವನು ಭಾವನ ಹತ್ತಿರ ಎಲ್ಲ ಹೇಳಿಕೊಂಡ. ಅವಳು ನೆಟ್ಟಗೆ ಕೂತು ಊಟ ಮಾಡ್ತಾ ಇದ್ದಾಳೆ, ನನಗೆ ಅಷ್ಟೇ ಕಾಣೋದು, ನೀನು ಮಾಡ್ತಾ ಹೋಗು ಎಂದರು. ಹೇಳುವಾಗ ಅವನ ಮುಖ ನೋಡಲಿಲ್ಲ.

ಒಂದು ಸಂಜೆ ಚಿತ್ರಗಳಿದ್ದ ಪುಟ ನೋಡುತ್ತಿದ್ದಾಗ, ಬೆಕ್ಕಿನ ಚಿತ್ರದ ಕೆಳಗೆ ಅವಳು "ಮೊಸಳೆ" ಎಂದು ಬರೆದಿದ್ದು ಕಾಣಿಸಿತು. ವಾಸಿಯಾಗುತ್ತಿದೆ ಅಂದುಕೊಂಡಿದ್ದೆ, ಇದು ಹೆಚ್ಚಾಗುತ್ತಿದೆಯಲ್ಲ ಎಂದು ಅವನಿಗೆ ಅನ್ನಿಸಿತು. "ಬೆಕ್ಕು" ಎಂದು ತಿದ್ದಿ ಕಂಪ್ಯೂಟರ್ ಮುಚ್ಚಿದ.

ಬೆಳಿಗ್ಗೆ ಅವನು ಮೇಲೆ ಬರುವ ಹೊತ್ತಿಗೆ ಅಕ್ಕ ಆಗಲೇ ಬಂದು ಕೂತಿದ್ದಳು. ಒಬ್ಬಳೇ ಮೆಟ್ಟಿಲು ಹತ್ತಿದ್ದಳು. ಪುಟ ತೆರೆದಿತ್ತು. ಎಡಗೈಯಿಂದ ಬೆಕ್ಕಿನ ಚಿತ್ರ ತೋರಿಸಿದಳು.

"ಓದು."

"ಬೆಕ್ಕು."

"ನಾನು..." ಪದಕ್ಕಾಗಿ ಅವಳ ತುಟಿ ಹುಡುಕಾಡಿತು. ಅವನು ಹೇಳಿಕೊಡಲು ಬಾಯಿ ತೆರೆದ. ಅವಳು ಕೈಯೆತ್ತಿ ತಡೆದಳು. "ನಾನು ಮೊಸಳೆ ಅಂತ ಬರೆದಿದ್ದೆ."

"ಹೌದಕ್ಕಾ. ಅದೇನೋ ಒಂದು ಪದ ಹೆಚ್ಚು ಕಡಿಮೆ ಆಗಿತ್ತು, ನಾನೇ..."

"ಅದು ತಮಾಷೆ" ಎಂದಳು ಅಕ್ಕ.

ಅವನಿಗೆ ತಕ್ಷಣ ಅರ್ಥವಾಗಲಿಲ್ಲ.

"ತಮಾಷೆ ಕಣೋ. ಆ ಬೆಕ್ಕು... ಬಾಯಿ ನೋಡು." ಚಿತ್ರದ ಬೆಕ್ಕು ಆಕಳಿಸುತ್ತಿತ್ತು. ದವಡೆ ಕಿವಿಯವರೆಗೂ ತೆರೆದಿತ್ತು, ಹಲ್ಲುಗಳೆಲ್ಲ ಕಾಣುತ್ತಿದ್ದವು. "ನೀನು ನಗ್ತೀಯ ಅಂತ ಕಾದೆ."

ಅವನು ತನ್ನ ಕುರ್ಚಿಯಲ್ಲಿ ಕುಸಿದು ಕೂತ. ಇಷ್ಟು ವರ್ಷ ಬೆನ್ನಿಗೆ ಬೆನ್ನು ತಾಗಿಸಿ ಕೂತವನು, ಅವಳು ಉಸಿರೆಳೆದುಕೊಂಡರೇ ಮುಂದೆ ಬರುವ ಕೀಟಲೆ ಯಾವುದೆಂದು ಊಹಿಸುತ್ತಿದ್ದವನು, ಅವಳ ತಮಾಷೆಯನ್ನು ಕಾಯಿಲೆ ಎಂದುಕೊಂಡಿದ್ದ.

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವನಿಗೆ ಹಗುರವಾಗುತ್ತಿತ್ತು. ನನ್ನದು ಯಾವುದು, ನಿನ್ನದು ಯಾವುದು ತೋರಿಸು ಎಂದಳು. ಅವನು ಸುಳ್ಳು ಹೇಳಲು ನೋಡಿದ. ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು, ಬಿಡಲಿಲ್ಲ. ಆಮೇಲೆ ಅವನು ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ತಾನು ಮುಟ್ಟಿದ ಜಾಗವನ್ನೆಲ್ಲ ಒಂದೊಂದಾಗಿ ತೋರಿಸಿದ. ಮೊದಮೊದಲು ಅವಳು ಹೂಂ, ಹೂಂ ಅನ್ನುತ್ತಿದ್ದಳು. ಆಮೇಲೆ ಅದೂ ನಿಂತಿತು. ಅವನು ಮುಟ್ಟದೇ ಬಿಟ್ಟದ್ದು ಬಹಳ ಕಡಿಮೆ ಎಂದು ಅವನಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಸಾಕು" ಎಂದಳು.

ಇನ್ನು ಮುಟ್ಟುವುದಿಲ್ಲ, ನೀನು ಬರೆದದ್ದನ್ನು ಹಾಗೆಯೇ ಇಟ್ಟು ತಪ್ಪನ್ನು ನಿನಗೇ ತೋರಿಸುತ್ತೇನೆ, ನೀನು ನನಗೆ ಕಲಿಸಿದ ಹಾಗೆ ಕೂತು ಇಬ್ಬರೂ ಕಲಿಯೋಣ ಎಂದು ಅವನು ಗೋಗರೆದ. ಅವಳು ಬೇಡ ಎಂದು ತಲೆಯಾಡಿಸಿದಳು. ಮೌಸಿನ ಮೇಲಿದ್ದ ಕೈ ತೆಗೆದಳು. ಆಮೇಲೆ ಫೋನಿನ ಕಡೆ ತೋರಿಸಿ, ಡಾಕ್ಟರಮ್ಮನಿಗೆ ಹಚ್ಚಿಕೊಡು ಎಂದು ಸನ್ನೆ ಮಾಡಿದಳು.

ಆ ಫೋನ್ ಮಾತು ಬಹಳ ಹೊತ್ತು ನಡೆಯಿತು, ಮಾತು ಸ್ವಲ್ಪವೇ ಆದರೂ. ಅಕ್ಕ ಒಂದು ಪದ ಹೇಳಿ, ಅದನ್ನು ಬಿಟ್ಟು, ಇನ್ನೊಂದನ್ನು ಹುಡುಕುತ್ತಿದ್ದಳು. ಡಾಕ್ಟರಮ್ಮ ನಡುವೆ ಬಾಯಿ ಹಾಕಲಿಲ್ಲ. ನನ್ನ ಪೇಷೆಂಟುಗಳಲ್ಲಿ ಒಬ್ಬರೂ ಮಾತಾಡುವವರಿಲ್ಲ, ನನಗೆ ಕಾದು ಅಭ್ಯಾಸ, ನಿಧಾನವಾಗಿ ಹೇಳಿ ಎಂದು ಒಂದೇ ಒಂದು ಸಲ ಅಂದದ್ದು ಸ್ಪೀಕರಿನಲ್ಲಿ ಕೇಳಿಸಿತು. ಅಕ್ಕನಿಗೆ ನಗು ಬಂತು.

"ಆ ಕೆಲಸ... ಇವನದು" ಎಂದಳು ಕೊನೆಗೆ. "ನನ್ನ ಹೆಸರು ಹಾಕ್ಬೇಡಿ. ಇವನೇ ಮಾಡಿದ್ದು. ಚೆನ್ನಾಗಿ ಮಾಡಿದಾನೆ."

ಅವನನ್ನು ಅವಳು ಹಾಗೆ ಹೊಗಳಿದ್ದು ಅದೇ ಮೊದಲು. ಅವನಿಗೆ ಅದು ಬೇಕಿರಲಿಲ್ಲ.

ಅಂದು ಕೆಳಗಿಳಿದ ಅಕ್ಕ ಆಮೇಲೆ ಕೋಣೆಗೆ ಬರಲಿಲ್ಲ. ಮಾತು ಕಲಿಸುವ ಮೇಡಂ ದಿನವೂ ಬಂದರು. ಚಿತ್ರ ತೋರಿಸಿ ಹೆಸರು ಹೇಳಿಸುವುದು, ಸಣ್ಣ ವಾಕ್ಯ ಓದಿಸುವುದು ಮುಂದುವರಿಯಿತು. ಪದಗಳು ಕೆಲವು ಮರಳಿದವು, ಕೆಲವು ಮರಳಲಿಲ್ಲ. ಕೋಡ್ ಬಗ್ಗೆ ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಊಟದ ಹೊತ್ತಿನಲ್ಲಿ ಹಳೆಯ ಜಗಳ ಎಬ್ಬಿಸೋಣ ಎಂದು ಭಾವ ಏನಾದರೂ ತೆಗೆದರೆ ಇಬ್ಬರೂ ತಟ್ಟೆ ನೋಡುತ್ತಿದ್ದರು. ಮೇಲಿನ ಕೋಣೆಯಲ್ಲಿ ಅವನೊಬ್ಬನೇ ಕೂತು ಕೆಲಸ ಮಾಡಿದ. ಗಿರಾಕಿಗಳು ಬಂದರು, ಸೈಟುಗಳು ಮುಗಿದವು. ಏನಾದರೂ ಸಿಕ್ಕಿಹಾಕಿಕೊಂಡಾಗ ಅವನು ಕುರ್ಚಿ ಹಿಂದಕ್ಕೆ ತಳ್ಳುತ್ತಿದ್ದ. ಅದು ಅಕ್ಕನ ಕುರ್ಚಿಗೆ ತಾಗುತ್ತಿತ್ತು, ಆದರೆ ಆ ಕುರ್ಚಿಯಲ್ಲಿ ಭಾರವಿರಲಿಲ್ಲ, ತಾಗಿದೊಡನೆ ಜಾರಿ ಮೇಜಿಗೆ ಬಡಿಯುತ್ತಿತ್ತು.

ಒಂದು ಭಾನುವಾರ ಅಕ್ಕ ಮೆಟ್ಟಿಲು ಹತ್ತಿ ಬಂದಳು. ಅವನು ಎದ್ದು ನಿಂತ. ಅವಳು ಕಂಪ್ಯೂಟರ್ ಕಡೆ ನೋಡದೆ, ತನ್ನ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟಳು. ಕೆಳಗಿನ ಕುರ್ಚಿಯಲ್ಲಿ ಬಹಳ ಹೊತ್ತು ಕೂತರೆ ಸೊಂಟ ನೋಯುತ್ತದೆ, ಇದನ್ನು ಕೆಳಗೆ ಇಳಿಸು ಎಂಬುದನ್ನು ಒಂದೆರಡು ಪದದಲ್ಲಿ, ಉಳಿದದ್ದನ್ನು ಕೈಯಲ್ಲಿ ಹೇಳಿದಳು.

ಅವನು ಕುರ್ಚಿಯನ್ನು ತಲೆಕೆಳಗು ಮಾಡಿ ತಲೆಯ ಮೇಲೆ ಹೊತ್ತುಕೊಂಡ. ಮೆಟ್ಟಿಲು ಕಿರಿದು, ನಡುವೆ ಒಂದು ತಿರುವು. ಕುರ್ಚಿಯ ತೋಳುಗಳು ಕಣ್ಣಿಗೆ ಅಡ್ಡ ಬಂದು ಮುಂದಿನ ಮೆಟ್ಟಿಲೂ ಕಾಣಿಸುತ್ತಿರಲಿಲ್ಲ. ಅಕ್ಕ ಹಿಂದಿನಿಂದ ಕಂಬಿ ಹಿಡಿದು ಇಳಿಯುತ್ತಾ ದಾರಿ ಹೇಳಿದಳು. ತಿರುವಿನ ಹತ್ತಿರ ಬಂದಾಗ "ಎಡಕ್ಕೆ" ಎಂದಳು.

ಎಡಕ್ಕೆ ಗೋಡೆಯಿತ್ತು. ಅದು ಅವನಿಗೆ ಗೊತ್ತಿತ್ತು, ಹುಟ್ಟಿದಾಗಿನಿಂದ ಇಳಿದ ಮೆಟ್ಟಿಲು. ಕಾಲು ತನ್ನಷ್ಟಕ್ಕೆ ಬಲಕ್ಕೆ ಹೊರಟಿತು. ಅವನು ಅದನ್ನು ತಡೆದು ನಿಂತ. ಕೆಳಗಿನಿಂದ ಭಾವ ಏನಾಯ್ತು ಎಂದು ಕೂಗಿದರು. ತಲೆಯ ಮೇಲಿನ ಭಾರಕ್ಕೆ ಕುತ್ತಿಗೆ ನೋಯತೊಡಗಿತು. ಬೆನ್ನ ಹಿಂದೆ ಅಕ್ಕನ ಉಸಿರು ಕೇಳುತ್ತಿತ್ತು. ಅವಳು ಸರಿಯಾದ ಪದಕ್ಕಾಗಿ ಹುಡುಕುತ್ತಿದ್ದಳು. ಅವನು ಕಾಯುತ್ತಾ ನಿಂತ.